ಹ್ಯಾಮ್ ರೇಡಿಯೋ: ದೂರದ ದನಿಗೆ ಕಿವಿಗೊಡುವ ಹವ್ಯಾಸ

ಕೈಯಲ್ಲಿ ಮೊಬೈಲ್ ಇದ್ದರೆ ದುಬೈನಲ್ಲಿರುವ ಚಿಕ್ಕಪ್ಪನ ಜೊತೆ ಕ್ಷಣದಲ್ಲಿ ಮಾತಾಡಬಹುದು. ಹೀಗಿದ್ದರೂ ಕೆಲವರು ತಾರಸಿಯ ಮೇಲೆ ತಂತಿ ಕಟ್ಟಿ, ನಸುಕಿನಲ್ಲೇ ಎದ್ದು, ರೇಡಿಯೋದ ಗರಗರ ಸದ್ದಿನ ನಡುವೆ ಯಾವುದೋ ದ್ವೀಪದ ದನಿ ಹುಡುಕುತ್ತಾರೆ. ಇವರೇ ಹ್ಯಾಮ್‌ಗಳು, ಅಂದರೆ ಸರ್ಕಾರದ ಪರವಾನಗಿ ಪಡೆದ ಹವ್ಯಾಸಿ ರೇಡಿಯೋ ಬಳಕೆದಾರರು. ಬಹುದೂರದ ಸಂಪರ್ಕಕ್ಕೆ ಅವರ ಭಾಷೆಯಲ್ಲಿ 'ಡಿಎಕ್ಸ್' ಎಂದು ಹೆಸರು.

ಮೊಬೈಲ್ ಕರೆಗೆ ಟವರ್, ಕೇಬಲ್ ಬೇಕು. ಹ್ಯಾಮ್‌ಗಳಿಗೆ ಆಕಾಶವೇ ಆಸರೆ. ಸೂರ್ಯನ ಕಿರಣಗಳು ವಾತಾವರಣದ ಮೇಲ್ಭಾಗದ ಅನಿಲಗಳಿಗೆ ವಿದ್ಯುದಾವೇಶ ನೀಡುವುದರಿಂದ ಅಯಾನುಗೋಳ ಉಂಟಾಗುತ್ತದೆ. ಸುಮಾರು 300 ಕಿ.ಮೀ. ಎತ್ತರದಲ್ಲಿರುವ ಅದರ ಎಫ್ ಪದರ ಶಾರ್ಟ್‌ವೇವ್ ಅಲೆಗಳನ್ನು ಬಾಗಿಸಿ ಭೂಮಿಗೆ ಮರಳಿಸುತ್ತದೆ. ಒಂದೇ ಜಿಗಿತದಲ್ಲಿ 3,000 ಕಿ.ಮೀ. ದಾಟಬಹುದು, ಭೂಮಿಗೆ ತಾಗಿ ಮತ್ತೆ ಮೇಲೇರಿದರೆ ಇನ್ನೊಂದು ಖಂಡವನ್ನೇ ಮುಟ್ಟಬಹುದು. ಕೆಳಗಿರುವ ಡಿ ಪದರ ಹಗಲಿನಲ್ಲಿ ಕಡಿಮೆ ಆವರ್ತನದ ಅಲೆಗಳನ್ನು ಹೀರಿಕೊಳ್ಳುತ್ತದೆ, ಸೂರ್ಯ ಮುಳುಗಿದ ಮೇಲೆ ಬೇಗನೆ ಕರಗುತ್ತದೆ. ಆದ್ದರಿಂದಲೇ ಫಜ್ರ್ ಮತ್ತು ಮಗ್ರಿಬ್ ಆಸುಪಾಸಿನ ಸಮಯ ಡಿಎಕ್ಸ್‌ಗೆ ಒಳ್ಳೆಯ ಹೊತ್ತು.

ಅಪರೂಪದ ಸಂಪರ್ಕವೆಂದರೆ ಬಹಳ ದೂರದ್ದೇ ಆಗಬೇಕಿಲ್ಲ. ಅಮೆರಿಕದ ಎಆರ್‌ಆರ್‌ಎಲ್ ಸಂಸ್ಥೆಯ ಡಿಎಕ್ಸ್‌ಸಿಸಿ ಪಟ್ಟಿಯಲ್ಲಿ 340 ಪ್ರದೇಶಗಳಿವೆ. ಅವುಗಳಲ್ಲಿ 100ರ ಸಂಪರ್ಕ ದೃಢಪಟ್ಟರೆ ಪ್ರಶಸ್ತಿ. ಈ ಲೆಕ್ಕದಲ್ಲಿ ಭಾರತದ ಮುಖ್ಯಭೂಮಿ, ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್ ಬೇರೆ ಬೇರೆ. ಲಕ್ಷದ್ವೀಪ ನಮಗೆ ಹತ್ತಿರವೇ. ಆದರೆ ಅಲ್ಲಿಂದ ಪ್ರಸಾರ ಮಾಡುವವರು ವಿರಳ. ಹಾಗಾಗಿ 2007ರ ಜನವರಿಯಲ್ಲಿ ಅಮೆಚೂರ್ ರೇಡಿಯೋ ಸೊಸೈಟಿ ಆಫ್ ಇಂಡಿಯಾದ ತಂಡ ಅಲ್ಲಿಗೆ ಹೋದಾಗ ಜಗತ್ತಿನ ಹ್ಯಾಮ್‌ಗಳೆಲ್ಲ ಕಾದು ಕುಳಿತಿದ್ದರು.

ನೂರಾರು ಜನ ಒಟ್ಟಿಗೆ ಕರೆಯುವಾಗ ಜೋರಾಗಿ ಕೂಗಿದವರೇ ಗೆಲ್ಲುತ್ತಾರೆ ಎನ್ನುವಂತಿಲ್ಲ. ದ್ವೀಪದ ಆಪರೇಟರ್ ಒಂದು ಆವರ್ತನದಲ್ಲಿ ಮಾತಾಡಿ, ಸ್ವಲ್ಪ ಪಕ್ಕದಲ್ಲಿ ಆಲಿಸುತ್ತಾರೆ. ಎಲ್ಲಿ ಆಲಿಸುತ್ತಿದ್ದಾರೆ ಎಂದು ಗಮನಿಸಿ, ಸರಿಯಾದ ಕ್ಷಣದಲ್ಲಿ ಒಮ್ಮೆ ಮಾತ್ರ ಕರೆದವರಿಗೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಮಾತುಕತೆ ಕೆಲವೇ ಸೆಕೆಂಡು. ಅದಕ್ಕಾಗಿ ಆಲಿಸುವುದು ಗಂಟೆಗಟ್ಟಲೆ.

ಈ ತಾಳ್ಮೆಯಿಂದ ಏನು ಪ್ರಯೋಜನ? 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ವಿಶೇಷ ಅನುಮತಿ ಪಡೆದು ಪೋರ್ಟ್ ಬ್ಲೇರ್‌ನಿಂದ ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡುತ್ತಿದ್ದರು. 26ರಂದು ಸುನಾಮಿ ಬಂತು. ದೂರವಾಣಿ ಸಂಪರ್ಕ ಕಡಿದುಹೋಯಿತು. ಡಿಎಕ್ಸ್‌ಗಾಗಿ ತಂದಿದ್ದ ಅದೇ ರೇಡಿಯೋದಿಂದ ಅವರು ದ್ವೀಪದಲ್ಲಿದ್ದವರ ಸುದ್ದಿಯನ್ನು ಮುಖ್ಯಭೂಮಿಗೆ ತಲುಪಿಸಿದರು. 'ನಮ್ಮವರು ಬದುಕಿದ್ದಾರೆ' ಎಂಬ ಒಂದು ಮಾತಿಗಾಗಿ ಕಾಯುತ್ತಿದ್ದ ಕುಟುಂಬಗಳಿಗೆ ಅದರ ಬೆಲೆ ಗೊತ್ತು. ಕ್ಷೀಣ ದನಿಯನ್ನು ಗುರುತಿಸಿ, ಹೆಸರು, ಊರು ತಪ್ಪದಂತೆ ಬರೆದುಕೊಳ್ಳುವ ಅಭ್ಯಾಸ ಆಪತ್ತು ಬಂದ ದಿನ ಹುಟ್ಟುವುದಿಲ್ಲ; ಹವ್ಯಾಸದ ದಿನಗಳಲ್ಲೇ ಕೂಡಿಬರಬೇಕು.

ಪರವಾನಗಿಗೆ 12 ವರ್ಷ ತುಂಬಿದವರು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬಹುದು. ಪಿಯುಸಿ ಭೌತಶಾಸ್ತ್ರದಲ್ಲಿ ನಾವು ಓದುವ ಎಲ್‌ಸಿಆರ್ ಸರ್ಕ್ಯೂಟ್, ವಿದ್ಯುತ್ಕಾಂತೀಯ ಅಲೆಗಳು ಇಲ್ಲೂ ಕೆಲಸಕ್ಕೆ ಬರುತ್ತವೆ. ಅದಕ್ಕೂ ಮೊದಲು ಮನೆಯಲ್ಲಿ ಹಳೆಯ ಶಾರ್ಟ್‌ವೇವ್ ರೇಡಿಯೋ ಇದ್ದರೆ ಸಂಜೆ ತಾರಸಿಗೆ ಒಯ್ಯಿರಿ. ಚಂದಾಪುರದ ಸುತ್ತ ಮೋಟಾರು, ಎಲ್‌ಇಡಿ ದೀಪಗಳ ವಿದ್ಯುತ್ ಗದ್ದಲ ಬಹಳ. ಮೆಲ್ಲಗೆ ತಿರುಗಿಸಿ, ಕಿವಿಗೊಡಿ. ಗದ್ದಲದ ಹಿಂದೆ ಒಂದು ದನಿ ಸಿಕ್ಕರೆ ಅದು ಯಾವ ದೇಶದ್ದೆಂದು ಬರೆದಿಡಿ.