ಎಚ್‌ಐವಿ ಇದ್ದರೆ ಕ್ಯಾನ್ಸರ್ ಬಂದೇ ಬರುತ್ತದೆಯೆ?

ಎಚ್‌ಐವಿ ಹೊಕ್ಕ ಮೈಗೆ ಇವತ್ತಲ್ಲ ನಾಳೆ ಕ್ಯಾನ್ಸರ್ ತಪ್ಪಿದ್ದಲ್ಲ ಎಂಬ ಮಾತು ಕಾಸರಗೋಡಿನ ಮಂಗಲ್ಪಾಡಿಯಲ್ಲೂ ಕೇಳಿಬರುತ್ತದೆ, ಮಂಗಳೂರಿನಲ್ಲೂ. ಮಾತಿಗೆ ಬುಡವೇ ಇಲ್ಲವೆನ್ನಲಾಗದು. 1981ರಲ್ಲಿ ಅಮೆರಿಕದ ವೈದ್ಯರಿಗೆ ಏಡ್ಸ್‌ನ ಸುಳಿವು ಕೊಟ್ಟವುಗಳಲ್ಲಿ ಕಪೋಸಿ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರೂ ಒಂದು. ಆದರೆ ಎಚ್‌ಐವಿಯ ಮುಖ್ಯ ಹಾನಿ ನಡೆಯುವುದು ಬೇರೆ ದಾರಿಯಲ್ಲಿ. ಅದು ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ನಾಶಮಾಡಿ ದೇಹದ ಕಾವಲನ್ನು ಕಳಚುತ್ತದೆ. ಆಮೇಲೆ ಕೆಡುಕು ಮಾಡುವವು ಬೇರೆ ವೈರಸ್‌ಗಳು. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ, ಲಿವರ್ ಕ್ಯಾನ್ಸರಿಗೆ ಹೆಪಟೈಟಿಸ್ ಬಿ ಮತ್ತು ಸಿ, ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಹಲವು ಕ್ಯಾನ್ಸರುಗಳಿಗೆ ಎಪ್‌ಸ್ಟೈನ್-ಬಾರ್. ಕಾವಲು ಗಟ್ಟಿಯಾದರೆ ಅಪಾಯ ಇಳಿಯಬೇಕಲ್ಲವೆ? ಇಳಿದದ್ದು ‘ಸ್ಟಾರ್ಟ್’ ಅಧ್ಯಯನದಲ್ಲಿ ಕಂಡಿತು. ಸಿಡಿ4 ಎಣಿಕೆ 500ಕ್ಕಿಂತ ಹೆಚ್ಚಿದ್ದ 4,685 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕೂಡಲೇ ಎಚ್‌ಐವಿ ಅಡಗಿಸುವ ಎಆರ್‌ಟಿ ಮಾತ್ರೆ ಕೊಟ್ಟರು, ಉಳಿದವರಿಗೆ ಕೊಡಲು ಎಣಿಕೆ ಕುಸಿಯುವವರೆಗೆ ಕಾದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲ ಗುಂಪಿನಲ್ಲಿ 14 ಮಂದಿಗೆ ಕ್ಯಾನ್ಸರ್, ಕಾದವರಲ್ಲಿ 39 ಮಂದಿಗೆ. ಮಾತ್ರೆಯ ಉಷ್ಣದಿಂದಲೇ ಕ್ಯಾನ್ಸರ್ ಬರುತ್ತದೆ ಎನ್ನುವವರಿಗೂ ಇದೇ ಉತ್ತರ.

ಹಾಗಾದರೆ ಮಾತ್ರೆ ನುಂಗಿದರೆ ಸಾಕೆ? ಈ ನಿಶ್ಚಿಂತೆ ನನಗೆ ಮೊದಲಿನ ಭಯಕ್ಕಿಂತ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ. ಎಚ್‌ಐವಿ ಅಡಗಿದರೂ ಎಚ್‌ಪಿವಿ ಉಳಿಯಬಹುದು. ಎಚ್‌ಐವಿ ಇರುವ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಸುಮಾರು 6 ಪಟ್ಟು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ ಇತರ ಮಹಿಳೆಯರಿಗೆ 30ನೇ ವಯಸ್ಸಿನಿಂದ ಹೇಳುವ ತಪಾಸಣೆಯನ್ನು ಇವರಿಗೆ 25ರಿಂದಲೇ, 3ರಿಂದ 5 ವರ್ಷಕ್ಕೊಮ್ಮೆ ಮಾಡಿಸಲು ಹೇಳುತ್ತದೆ. ಕೇರಳದ ‘ಉಷಸ್’ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಪಡೆಯುವವರಿರಲಿ, ಗುರುತು ಸಿಗದಿರಲೆಂದು ತಲಪಾಡಿ ಗಡಿ ದಾಟಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಹೋಗುವವರಿರಲಿ, ಮಾತ್ರೆಯ ಜೊತೆಗೆ ಈ ತಪಾಸಣೆಯನ್ನೂ ಕೇಳಿ ಪಡೆಯಬೇಕು. ಹೆಪಟೈಟಿಸ್ ಬಿ ಪರೀಕ್ಷೆಯನ್ನೂ, ಸೋಂಕಿಲ್ಲದಿದ್ದರೆ ಲಸಿಕೆಯನ್ನೂ. ಬೀಡಿ, ಸಿಗರೇಟು ಸೇದುವವರು ಇನ್ನೊಂದು ಲೆಕ್ಕ ಗಮನಿಸಲಿ: ಮಾತ್ರೆ ತಪ್ಪಿಸದೆ ಸೇವಿಸಿಯೂ ಧೂಮಪಾನ ಬಿಡದವರು ಏಡ್ಸ್‌ಗಿಂತ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ 6ರಿಂದ 13 ಪಟ್ಟು ಹೆಚ್ಚೆಂದು 2017ರ ಅಮೆರಿಕದ ಅಧ್ಯಯನವೊಂದು ಅಂದಾಜಿಸಿತು.

ಚಿಕಿತ್ಸೆಯಲ್ಲಿರುವವರಲ್ಲೂ ಕ್ಯಾನ್ಸರ್ ಕಾಣುತ್ತಿದೆಯಲ್ಲ ಎಂಬ ಆಕ್ಷೇಪ ನಿಜ. ಹಿಂದೆ ಮೂವತ್ತು ನಲ್ವತ್ತಕ್ಕೆ ತೀರಿಹೋಗುತ್ತಿದ್ದವರು ಈಗ ಅರವತ್ತು ದಾಟುತ್ತಿದ್ದಾರೆ. ವಯಸ್ಸಿನೊಂದಿಗೆ ಬರುವ ಕ್ಯಾನ್ಸರ್ ಅವರಿಗೂ ಬರುತ್ತದೆ. ಬಂದರೆ ಎಚ್‌ಐವಿ ಇದೆಯೆಂದು ಕೀಮೋ, ರೇಡಿಯೇಷನ್, ಶಸ್ತ್ರಚಿಕಿತ್ಸೆ ಬಿಡಬೇಕಿಲ್ಲ. ಕೆಲವು ಔಷಧಿಗಳು ಎಆರ್‌ಟಿ ಮಾತ್ರೆಗಳೊಂದಿಗೆ ಹೊಂದುವುದಿಲ್ಲವಾದ್ದರಿಂದ ಕ್ಯಾನ್ಸರ್ ವೈದ್ಯರಿಗೆ ವಿಷಯ ತಿಳಿಸಲೇಬೇಕು. ಎಚ್‌ಐವಿ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸಿದೆ.