ಬಿದ್ದ ಮಳೆ ಹೊಲದಲ್ಲೇ ನಿಂತರೆ ಅಂಗಡಿ ಉದ್ದರಿಯೂ ತೀರೀತು!

ಮುಂಗಾರಿನಲ್ಲಿ ಹೊಳೆನರಸೀಪುರದಿಂದ ಹಳ್ಳಿಮೈಸೂರಿನ ಬಸ್ಸು ಹತ್ತಿದರೆ ಕಿವಿಗೆ ಬೀಳುವ ಪ್ರಶ್ನೆ ಒಂದೇ: "ನಿಮ್ ಕಡೆ ಮಳೆ ಹೆಂಗೆ?" ಅಂಗಡಿಯವರು ಗಿರಾಕಿಯನ್ನು ಕೇಳುವುದೂ ಅದನ್ನೇ. ಕೇಳದೆ ಏನು ಮಾಡ್ಯಾರು? ಬೆಳೆ ಮನೆ ಸೇರಿದರೆ ತಾನೆ ಉದ್ದರಿ ಪುಸ್ತಕದ ಹಾಳೆ ಮಗುಚುವುದು!

ಮಳೆ ಬಂತೇ ಅಂತ ಎಲ್ಲರೂ ಕೇಳುತ್ತಾರೆ. ಬಂದ ಮಳೆ ಎಲ್ಲಿ ಹೋಯ್ತು ಅಂತ ಕೇಳುವವರು ಕಮ್ಮಿ.

ನಮಗೆ ಹೇಮಾವತಿ ಇದೆ. ಗೊರೂರಿನಲ್ಲಿ 1979ರಲ್ಲಿ ಮುಗಿದ ಅಣೆಕಟ್ಟೆ ಇದೆ. ತುಂಬಿದರೆ 37 ಟಿ.ಎಂ.ಸಿ. ನೀರು. ಎಡದಂಡೆ ನಾಲೆ ಚನ್ನರಾಯಪಟ್ಟಣದ ಸೀಮೆ ಹಾದು ತುಮಕೂರಿನ ಕಡೆಗೂ ಹೋಗುತ್ತೆ. ನಾಲೆ ಮುಟ್ಟಿದವನಿಗೆ ಬತ್ತ. ನಾಲೆಗಿಂತ ಮೇಲೆ, ಕೆಂಪು ಮಣ್ಣಿನ ದಿಣ್ಣೆಯಲ್ಲಿ ಹೊಲ ಇರುವವನಿಗೆ ಹೊಳೆ ಕಣ್ಣಿಗೆ ಮಾತ್ರ, ರಾಗಿಗೆ ಆಕಾಶವೇ ಗತಿ. ಆ ಆಕಾಶವಾದರೂ ಸಮಪಾಲು ಮಾಡಿದೆಯೇ? ಒಂದೇ ಜಿಲ್ಲೆ ಅಂತ ಹೆಸರು. ಸಕಲೇಶಪುರಕ್ಕೆ ಸುರಿಯುವುದರ ಅರ್ಧದಷ್ಟೂ ಹೊಳೆನರಸೀಪುರಕ್ಕೆ ಬೀಳೋದಿಲ್ಲ.

2023ನ್ನು ಯಾರೂ ಮರೆತಿರಲಾರರು. ಆ ವರ್ಷದ ಆಗಸ್ಟ್, 1901ರಿಂದ ಈಚೆಗೆ ಇಡೀ ದೇಶ ಕಂಡ ಅತಿ ಒಣ ಆಗಸ್ಟ್. ನಮ್ಮ ಲೆಕ್ಕದಲ್ಲಿ ಆಶ್ಲೇಷ, ಮಖೆ ಮಳೆ ಕೈಕೊಟ್ಟ ಹಾಗೆ. ರಾಗಿ ತೆಂಡೆ ಒಡೆಯುವ ಹೊತ್ತು ಅದು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರದ ಪಟ್ಟಿಗೆ ಸೇರಿಸಿತು.

ಈಗ ಒಂದು ಲೆಕ್ಕ. ಅಂಗಡಿಯವರಿಗೆ ಇದು ಸುಲಭ. ಒಂದು ಎಕರೆ ಹೊಲಕ್ಕೆ ಒಂದು ಅಂಗುಲ ಮಳೆ ಬಿತ್ತು ಅನ್ನಿ. ಅದು ಸುಮಾರು 1 ಲಕ್ಷ ಲೀಟರ್ ನೀರು! 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 20 ಟ್ಯಾಂಕರ್. ದುಡ್ಡು ಕೊಟ್ಟು ತರಿಸೋದಾದರೆ ಎಷ್ಟಾದೀತು, ನೀವೇ ಗುಣಿಸಿಕೊಳ್ಳಿ. ಪುಕ್ಕಟೆ ಬಂದ ಈ 20 ಟ್ಯಾಂಕರಿನಲ್ಲಿ ಎಷ್ಟು ಹೊಲದಲ್ಲಿ ಉಳಿಯಿತು ಅನ್ನೋದೇ ಪ್ರಶ್ನೆ.

ಕೆಂಪು ಮಣ್ಣಿನ ಗುಣ ರೈತರಿಗೆ ಗೊತ್ತು. ಜೋರು ಮಳೆ ಹೊಡೆದರೆ ಮೇಲ್ಮಣ್ಣು ಮುಚ್ಚಿಕೊಂಡು ಹೆಪ್ಪುಗಟ್ಟುತ್ತೆ. ನೀರು ಒಳಗಿಳಿಯದೆ ಇಳಿಜಾರು ಹಿಡಿದು ಹಳ್ಳ ಸೇರುತ್ತೆ. ಹೋಗುವಾಗ ಬರಿಗೈಲಿ ಹೋಗೋದಿಲ್ಲ, ಹಾಕಿದ ಗೊಬ್ಬರವನ್ನೂ ಹೊತ್ತೊಯ್ಯುತ್ತೆ. ಇಳಿಜಾರಿಗೆ ಅಡ್ಡಲಾಗಿ ಉತ್ತರೆ ಒಂದೊಂದು ಸಾಲೂ ಒಂದೊಂದು ಪುಟ್ಟ ಕಟ್ಟೆ. ಇಳಿಜಾರಿನ ಉದ್ದಕ್ಕೇ ಉತ್ತರೆ ಅದೇ ಸಾಲು ಚರಂಡಿ! ಹೊಲದ ನಡುವೆ ಬದು ಇದ್ದರೆ ಓಡುವ ನೀರು ಅಲ್ಲಿ ನಿಂತು ಇಂಗುತ್ತೆ. ಆದರೆ ಒಂದು ಸಾಲು ರಾಗಿ ಹೆಚ್ಚಿಗೆ ಬರಲಿ ಅಂತ ಬದುವನ್ನೇ ಕೆರೆದು ಕೆರೆದು ಸವೆಸಿದವರೂ ಉಂಟು.

ಇನ್ನು ಇಂಗಿದ ನೀರು ಕೂಡ ಕೆಳಗೇ ಕೂರುವುದಿಲ್ಲ. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಹೆಪ್ಪುಗಟ್ಟಿದ ಮಣ್ಣು ತಳದ ತೇವ ಹೀರಿ ಬಿಸಿಲಿಗೆ ಕೊಡುತ್ತೆ. ಹಿರಿಯರು ಎಳೆ ರಾಗಿಗೆ ಹಲುಬೆ ಹೊಡೆಯುತ್ತಿದ್ದದ್ದು, ಎಡೆಗುಂಟೆ ಆಡಿಸುತ್ತಿದ್ದದ್ದು ಬರೀ ಕಳೆಗಲ್ಲ. ಮೇಲಿನ ಎರಡು ಬೆರಳು ಮಣ್ಣು ಪುಡಿಯಾದರೆ ಬತ್ತಿ ತುಂಡಾಯ್ತು, ತೇವ ಬೇರಿನ ಹತ್ತಿರ ಉಳೀತು. ಅಕ್ಕಡಿ ಸಾಲಿನ ಅವರೆ, ತೊಗರಿಯದೂ ಸಣ್ಣ ಉಪಕಾರವಲ್ಲ. ನೆಲಕ್ಕೆ ನೆರಳು, ಉದುರಿದ ಎಲೆ ಗೊಬ್ಬರ. ರಾಗಿ ಸೊರಗಿದರೂ ಸಾರಿಗೆ ಕಾಳು. ಎತ್ತಿನ ಜೋಡಿ ಕಮ್ಮಿಯಾದ ಮೇಲೆ ಹಲುಬೆ ಅಟ್ಟ ಸೇರಿದೆ. ಕೊಟ್ಟಿಗೆ ಗೊಬ್ಬರಕ್ಕೂ ಅದೇ ಪಾಡು. ಅದು ಬಿದ್ದ ಮಣ್ಣು ನೀರು ಹಿಡಿಯುತ್ತೆ ಅಂತ ಗೊತ್ತಿದ್ದೂ ಹಾಕಲು ಕೊಟ್ಟಿಗೆಯಲ್ಲಿ ದನ ಇರಬೇಕಲ್ಲ!

ಹಾಗಂತ ನೀರು ನಿಂತಷ್ಟೂ ಲಾಭ ಅಂತ ತಿಳಿಯಬೇಡಿ. ಜಲಂಧರ್ ಬಿತ್ತನೆ ತಂದು ಆಲೂಗಡ್ಡೆ ಹಾಕಿದವನ ಹೊಲದಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತೆ, ಮೋಡ ಕವಿದು ಜಡಿ ಹಿಡಿದರೆ ಅಂಗಮಾರಿ. ಅರಕಲಗೂಡು ಕಡೆಯ ಹೊಗೆಸೊಪ್ಪೂ ನೀರು ನಿಂತರೆ ಬಾಡುತ್ತೆ. ರಾಗಿಯವನು ಮಳೆಗೆ ಕೈಮುಗಿಯುವ ದಿನವೇ ಆಲೂಗಡ್ಡೆಯವನು ಸಾಕು ಅಂತಿರುತ್ತಾನೆ.

2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳು ಇಂಥ ಕಡೆ ಎರಡು ಕೆಲಸ ಮಾಡಬಲ್ಲವು. ಹೆಚ್ಚಾದ ನೀರು ಬಸಿದು ಹೊಂಡಕ್ಕೆ; ತೆನೆ ಹೊರಡುವಾಗ ಮಳೆ ಹಿಂದೆ ಬಿದ್ದರೆ ಅದೇ ನೀರು ಒಂದು ಸಲ ಬೆಳೆಗೆ. ಹಾಸಿದ ಪ್ಲಾಸ್ಟಿಕ್ಕು ಹರಿಯದೆ ಇರಬೇಕು ಅಷ್ಟೆ. ಹರಿದರೆ ಕೆಂಪು ಮಣ್ಣು ನೀರನ್ನು ಕುಡಿದು ಬಿಡುತ್ತೆ.

ಹೊಂಡಕ್ಕೆ ಜಾಗ ಬೇಕು, ಸಹಾಯಧನಕ್ಕೆ ಅರ್ಜಿ ಹಾಕಿ ಕಾಯಬೇಕು. ಅಡ್ಡ ಉಳುಮೆಗೆ ಅರ್ಜಿ ಬೇಕಿಲ್ಲ. ಆದರೂ ಯಾಕೆ ಆಗೋಲ್ಲ ಅಂದರೆ ಉತ್ತರ ಟ್ರ್ಯಾಕ್ಟರಿನಲ್ಲಿದೆ. ಹೊಲಗಳು ಪಾಲಾಗಿ ಪಟ್ಟೆ ಪಟ್ಟೆಯಾಗಿವೆ. ಪಟ್ಟೆ ಇಳಿಜಾರಿನ ಉದ್ದಕ್ಕಿದ್ದರೆ ಅಡ್ಡ ಹೊಡೆಯಲು ಹತ್ತು ಮಾರಿಗೊಮ್ಮೆ ತಿರುಗಿಸಬೇಕು. ಬಾಡಿಗೆ ಗಂಟೆ ಲೆಕ್ಕ. ತಿರುವು ಹೆಚ್ಚಿದಷ್ಟೂ ದುಡ್ಡು ಹೆಚ್ಚು. ಪಕ್ಕದ ಪಟ್ಟೆಯ ಅಣ್ಣತಮ್ಮಂದಿರು ಒಪ್ಪಿ ನಾಲ್ಕು ಪಟ್ಟೆಯನ್ನೂ ಒಟ್ಟಿಗೆ ಅಡ್ಡ ಉಳಿಸಿದರೆ ತಿರುವೂ ಉಳಿಯುತ್ತೆ, ಬಾಡಿಗೆಯೂ ಉಳಿಯುತ್ತೆ. ಆ ಮಾತುಕತೆ ಭರಣಿ ಮಳೆಗೆ ಮುಂಚೆ, ಅಣ್ಣತಮ್ಮಂದಿರ ಜಗಲಿಯ ಮೇಲೇ ಆಗಬೇಕು.