ಕಲ್ಪನಾ ಜೊತೆಗೆ ಹಾರಿದ ಇಲಾನ್ ರಮೋನ್

ಕಲ್ಪನಾ ಚಾವ್ಲಾ ಹೆಸರು ಕೇಳದ ಶಾಲಾ ಮಕ್ಕಳು ಕಾರವಾರದಲ್ಲಾಗಲಿ ಅಂಕೋಲೆಯಲ್ಲಾಗಲಿ ಸಿಗುವುದು ಕಷ್ಟ. ಆಕೆಯ ಕೊನೆಯ ಯಾನದಲ್ಲಿ ಜೊತೆಗಿದ್ದ ಆರು ಮಂದಿ ಯಾರೆಂದು ಕೇಳಿದರೆ ಮಾತ್ರ ಮಾಸ್ತರರೂ ತಡವರಿಸಿಯಾರು. ಆ ಆರು ಮಂದಿಯಲ್ಲಿ ಒಬ್ಬರು ಇಸ್ರೇಲಿನ ಮೊದಲ ಗಗನಯಾತ್ರಿ, ಕರ್ನಲ್ ಇಲಾನ್ ರಮೋನ್.

ಭೂಪಟ ತೆರೆದು ನೋಡಿ. ಕಾರವಾರ, ಅಂಕೋಲಾ ಎರಡೂ ಉತ್ತರ ಅಕ್ಷಾಂಶ 15 ಡಿಗ್ರಿಗೆ ತುಸು ಕೆಳಗಿವೆ. 2003ರ ಜನವರಿ 16ರಂದು ಮೇಲೇರಿದ ‘ಕೊಲಂಬಿಯಾ’ ನೌಕೆ ಉತ್ತರಕ್ಕೆ 39 ಡಿಗ್ರಿ, ದಕ್ಷಿಣಕ್ಕೆ 39 ಡಿಗ್ರಿಯ ನಡುವೆ ಓಡಾಡುತ್ತ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತಿತ್ತು. ಅಂದರೆ ನಮ್ಮ ಅಕ್ಷಾಂಶದ ಗೆರೆಯನ್ನು ಅದು ದಿನಕ್ಕೆ ಮೂವತ್ತಕ್ಕೂ ಹೆಚ್ಚು ಸಲ ದಾಟುತ್ತಿತ್ತು. ಸುಮಾರು 280 ಕಿಲೋಮೀಟರ್ ಎತ್ತರದಲ್ಲಿದ್ದ ಆ ನೌಕೆಯೊಳಗೆ ರಮೋನ್ ಅವರು ಒಬ್ಬ ಹುಡುಗ ಬರೆದ ಚಿತ್ರವೊಂದನ್ನು ಇಟ್ಟುಕೊಂಡಿದ್ದರು. ಅವರ ಬದುಕಿನ ಕತೆಯಲ್ಲಿ ಆ ಚಿತ್ರಕ್ಕೆ ದೊಡ್ಡ ಜಾಗವಿದೆ.

ರಮೋನ್ ಹುಟ್ಟಿದ್ದು 1954ರ ಜೂನ್ 20ರಂದು, ಇಸ್ರೇಲಿನ ರಮತ್ ಗಾನ್‌ನಲ್ಲಿ. ಬೆಳೆದದ್ದು ಮರುಭೂಮಿಯ ಅಂಚಿನ ಬೀರ್‌ಷೆಬಾದಲ್ಲಿ. ಮನೆತನದ ಹೆಸರು ವುಲ್ಫರ್‌ಮನ್. ರಮೋನ್ ಎಂಬುದು ಆಮೇಲೆ ಬಂದದ್ದು. ತಂದೆ 1935ರಲ್ಲಿ ಹಿಟ್ಲರನ ಜರ್ಮನಿಯನ್ನು ಬಿಟ್ಟು ಬಂದವರು. ತಾಯಿ ಮತ್ತು ಅಜ್ಜಿ ಆಶ್‌ವಿಟ್ಜ್ ಶಿಬಿರದಿಂದ ಜೀವಂತ ಹೊರಬಂದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಿಟ್ಲರನ ಆಡಳಿತ ಯೂರೋಪಿನಲ್ಲಿ ಕೊಲ್ಲಿಸಿದ ಯಹೂದಿಗಳ ಸಂಖ್ಯೆ ಸುಮಾರು 60 ಲಕ್ಷ. ಆಶ್‌ವಿಟ್ಜ್ ಅಂಥ ಕೊಲೆಗಳಿಗೆಂದೇ ಕಟ್ಟಿದ ಜಾಗಗಳಲ್ಲಿ ಅತಿ ದೊಡ್ಡದು.

1974ರಲ್ಲಿ ರಮೋನ್ ಯುದ್ಧವಿಮಾನದ ಪೈಲಟ್ ಆದರು. 1981ರ ಜೂನ್ 7ರಂದು ಇರಾಕಿನ ಬಾಗ್ದಾದ್ ಬಳಿ ಇನ್ನೂ ಚಾಲೂ ಆಗದಿದ್ದ ಅಣುಸ್ಥಾವರದ ಮೇಲೆ ಬಾಂಬು ಹಾಕಿದ ಎಂಟು ಎಫ್-16 ವಿಮಾನಗಳ ಪೈಕಿ ಕೊನೆಯದರಲ್ಲಿ ಇದ್ದವರು ಅವರೇ. ತಂಡದಲ್ಲಿ ಎಲ್ಲರಿಗಿಂತ ಕಿರಿಯರು. ಅಣುಸ್ಥಾವರ ಎಂದರೆ ಕೈಗಾ ಎಂದು ತಿಳಿದಿರುವ ಕಾರವಾರದವರಿಗೆ ಈ ಸಂಗತಿ ಸ್ವಲ್ಪ ಕಸಿವಿಸಿ ತರಬಹುದು. ತರಬೇಕಾದದ್ದೇ. ಇರಾಕ್ ಅಣುಬಾಂಬು ಮಾಡುತ್ತಿದೆ ಎಂಬುದು ಇಸ್ರೇಲಿನ ವಾದವಾಗಿತ್ತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅದನ್ನು ಒಪ್ಪದೆ ದಾಳಿಯನ್ನು ಖಂಡಿಸಿತು. ಗಗನಯಾತ್ರಿಯ ಕತೆ ಹೇಳುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ.

ಆಮೇಲೆ ಅವರು ಟೆಲ್ ಅವೀವ್ ವಿಶ್ವವಿದ್ಯಾಲಯಕ್ಕೆ ಸೇರಿ 1987ರಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಎಂಜಿನಿಯರಿಂಗ್ ಪದವಿ ಪಡೆದರು. 1997ರಲ್ಲಿ ಗಗನಯಾನಕ್ಕೆ ಆಯ್ಕೆಯಾಗಿ, ಮರುವರ್ಷ ಹೆಂಡತಿ ರೋನಾ ಮತ್ತು ಮಕ್ಕಳೊಂದಿಗೆ ಅಮೆರಿಕದ ಹ್ಯೂಸ್ಟನ್‌ಗೆ ಹೋದರು. ಯಾನ ಹಲವು ಸಲ ಮುಂದಕ್ಕೆ ಹೋಯಿತು. ಮೇಲೇರುವ ಹೊತ್ತಿಗೆ ಅವರಿಗೆ 48 ವರ್ಷ.

ಬಾಹ್ಯಾಕಾಶಕ್ಕೆ ಹೋದ ಯಹೂದಿಗಳಲ್ಲಿ ಅವರೇನೂ ಮೊದಲಿಗರಲ್ಲ. ಅಮೆರಿಕದ ಜುಡಿತ್ ರೆಸ್ನಿಕ್ 1984ರಲ್ಲೇ ಹೋಗಿ ಬಂದಿದ್ದರು. 1986ರಲ್ಲಿ ‘ಚಾಲೆಂಜರ್’ ಸ್ಫೋಟದಲ್ಲಿ ತೀರಿಕೊಂಡರು. ಆದರೆ ರಮೋನ್ ತಾನು ಒಬ್ಬನೇ ಹೋಗುತ್ತಿಲ್ಲ ಎಂದುಕೊಂಡಿದ್ದರು. ಸ್ವತಃ ಅಷ್ಟೇನೂ ಮಡಿವಂತರಲ್ಲದಿದ್ದರೂ ನೌಕೆಯಲ್ಲಿ ಧರ್ಮದ ಕಟ್ಟಳೆಗೆ ಒಪ್ಪುವ ಊಟವನ್ನೇ ಕೇಳಿ ಪಡೆದರು. ಯಹೂದಿಗಳ ವಾರದ ಪವಿತ್ರ ದಿನ ಸಬ್ಬತ್ ಶುಕ್ರವಾರ ಸೂರ್ಯ ಮುಳುಗಿದಾಗ ಶುರುವಾಗುತ್ತದೆ. ಒಂದೂವರೆ ತಾಸಿಗೊಮ್ಮೆ ಸೂರ್ಯ ಮುಳುಗುವ ಕಡೆ ಅದನ್ನು ಆಚರಿಸುವುದು ಹೇಗೆ? ಈ ಪ್ರಶ್ನೆ ಧರ್ಮಗುರುಗಳ ಮುಂದೆ ಹೋಯಿತು. ಭೂಮಿಯ ಮೇಲಿನ ಗಡಿಯಾರವನ್ನೇ ಅನುಸರಿಸಿದರೆ ಸಾಕು ಎಂಬ ಉತ್ತರ ಬಂತು.

ಅವರ ಮುಖ್ಯ ಕೆಲಸ ದೂಳು ನೋಡುವುದು! ಮರುಭೂಮಿಯ ದೂಳು ಗಾಳಿಯಲ್ಲಿ ಸಾವಿರಾರು ಕಿಲೋಮೀಟರ್ ಸಾಗಿ ಬಿಸಿಲನ್ನು ತಡೆಯುತ್ತದೆ, ಹೀರುತ್ತದೆ, ಮೋಡ ಮಳೆಗಳ ಲೆಕ್ಕವನ್ನು ಏರುಪೇರು ಮಾಡುತ್ತದೆ. ಅದನ್ನು ಮೇಲಿನಿಂದ ಚಿತ್ರಿಸಲು ವಿಶೇಷ ಕ್ಯಾಮೆರಾ ಇತ್ತು. ಬೇಲೆಕೇರಿ ಬಂದರಿಗೆ ಅದಿರು ಲಾರಿಗಳು ಸಾಲುಗಟ್ಟುತ್ತಿದ್ದ ಕಾಲವನ್ನು ಕಂಡ ಅಂಕೋಲೆಯ ಪಾಲಕರಿಗೆ ದೂಳಿನ ಮಹಿಮೆಯನ್ನು ಬಿಡಿಸಿ ಹೇಳಬೇಕಿಲ್ಲ. ಅರೇಬಿಯಾದ ಮರಳುದೂಳು ಕೂಡ ಕಡಲು ದಾಟಿ ನಮ್ಮ ಕರಾವಳಿಯತ್ತ ಬರುವುದುಂಟು. ಗುಡುಗು ಮೋಡಗಳ ಮೇಲ್ಗಡೆ ಕ್ಷಣಮಾತ್ರ ಮಿನುಗುವ ಕೆಂಪು ಬೆಳಕುಗಳನ್ನೂ ಅದೇ ಕ್ಯಾಮೆರಾ ಸೆರೆಹಿಡಿಯಿತು. ಚಿತ್ರಗಳಲ್ಲಿ ಬಹುಪಾಲನ್ನು ಆಗಿಂದಾಗಲೇ ಭೂಮಿಗೆ ರವಾನಿಸಿದ್ದರಿಂದ ಅವು ಉಳಿದುಕೊಂಡವು. ಶಾಲಾ ಮಕ್ಕಳು ಸಿದ್ಧಪಡಿಸಿದ ಪ್ರಯೋಗಗಳೂ ನೌಕೆಯಲ್ಲಿದ್ದವು: ಆಸ್ಟ್ರೇಲಿಯದ ಜೇಡ, ಚೀನಾದ ರೇಷ್ಮೆಹುಳು, ಜಪಾನಿನ ಮೀನು, ಇಸ್ರೇಲಿನ ಮಕ್ಕಳ ಹರಳುಗಳು.

ದೂಳಿನ ಪ್ರಯೋಗದ ಮುಖ್ಯಸ್ಥ ವಿಜ್ಞಾನಿ ಯೋಆಕಿಮ್ ಜೋಸೆಫ್. ಅವರ ಮನೆಯಲ್ಲಿ ರಮೋನ್ ಅಂಗೈಯಷ್ಟು ಚಿಕ್ಕದಾದ ಧರ್ಮಗ್ರಂಥದ ಸುರುಳಿಯೊಂದನ್ನು ಕಂಡರು. ಜೋಸೆಫ್ ಹದಿಮೂರರ ಹುಡುಗನಾಗಿ ಬರ್ಗನ್-ಬೆಲ್ಸನ್ ಶಿಬಿರದಲ್ಲಿದ್ದಾಗ ಧರ್ಮಗುರು ಸೈಮನ್ ದಾಸ್‌ಬರ್ಗ್ ಕಾವಲುಗಾರರ ಕಣ್ಣು ತಪ್ಪಿಸಿ ಪಾಠ ಹೇಳಿ, ಬೆಳಗಾಗುವ ಮೊದಲೇ ಅವನ ಪ್ರಾಯಪ್ರವೇಶದ ವಿಧಿ ಮುಗಿಸಿ ಕೊಟ್ಟಿದ್ದ ಸುರುಳಿ ಅದು. ಈ ಕತೆಯನ್ನು ಮುಂದಿನವರಿಗೆ ಹೇಳು ಎಂದಷ್ಟೇ ಗುರುಗಳ ಷರತ್ತು. ಅವರು ಶಿಬಿರದಲ್ಲೇ ಸತ್ತರು. ರಮೋನ್ ಆ ಸುರುಳಿಯನ್ನು ಕೇಳಿ ಪಡೆದು, ಬಾಹ್ಯಾಕಾಶದಿಂದ ಟೀವಿಯಲ್ಲಿ ತೋರಿಸಿ, ಅದರ ಕತೆ ಹೇಳಿದರು.

ಇನ್ನು ಆ ಚಿತ್ರ. ಅದನ್ನು ಬರೆದವನು ಪ್ರಾಗ್ ನಗರದ ಹುಡುಗ ಪೀಟರ್ ಗಿಂಜ್. ಜೂಲ್ಸ್ ವರ್ನ್ ಎಂದರೆ ಪ್ರಾಣ. ತಾನೂ ಕತೆ ಕಟ್ಟುತ್ತಿದ್ದ. 1942ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ಅವನನ್ನು ತಂದೆತಾಯಿಯಿಂದ ಬೇರ್ಪಡಿಸಿ ಥೆರೇಸಿಯನ್‌ಸ್ಟಾಟ್ ಎಂಬಲ್ಲಿ ಕೂಡಿಹಾಕಿದರು. ಅಲ್ಲಿ ಅವನು ಹುಡುಗರನ್ನು ಸೇರಿಸಿಕೊಂಡು ‘ವೇದೆಂ’ ಎಂಬ ವಾರಪತ್ರಿಕೆ ನಡೆಸಿದ. ನಮ್ಮ ಹೈಸ್ಕೂಲುಗಳಲ್ಲಿ ಕೈಬರಹ ಪತ್ರಿಕೆ ಮಾಡುತ್ತಾರಲ್ಲ, ಅಂಥದ್ದೇ. ಪ್ರತಿ ಶುಕ್ರವಾರ ಗೆಳೆಯರು ಒಟ್ಟುಗೂಡಿ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಹೊರಗೆ ಕಾಲಿಡಲು ಬಿಡದ ಆ ಜಾಗದಲ್ಲಿ ಕುಳಿತು ಪೀಟರ್ ಚಂದ್ರನ ಚಿತ್ರ ಬರೆದ. ಚೂಪು ಚೂಪಾದ ಬೆಟ್ಟಗಳು, ಅವುಗಳ ಆಚೆ ಕಪ್ಪು ಆಕಾಶದಲ್ಲಿ ತೇಲುವ ಭೂಮಿ. ಚಂದ್ರನ ಮೇಲೆ ಮನುಷ್ಯ ನಿಲ್ಲುವುದಕ್ಕೆ ಇನ್ನೂ ಕಾಲು ಶತಮಾನ ಬಾಕಿಯಿತ್ತು. 1944ರಲ್ಲಿ ಪೀಟರನನ್ನು ಆಶ್‌ವಿಟ್ಜ್‌ಗೆ ಸಾಗಿಸಿ ಕೊಂದರು. ಆಗ ಅವನಿಗೆ ಹದಿನಾರು.

ಜೆರುಸಲೇಮಿನ ಯಾದ್ ವಶೇಮ್ ಸಂಗ್ರಹಾಲಯದಲ್ಲಿರುವ ಆ ಚಿತ್ರದ ಪ್ರತಿಯೇ ರಮೋನ್ ಜೊತೆ ಮೇಲೆ ಹೋದದ್ದು.

ಕೊಲಂಬಿಯಾ ಮೇಲೇರಿ 82 ಸೆಕೆಂಡು ಕಳೆಯುವಷ್ಟರಲ್ಲಿ ಇಂಧನ ಟ್ಯಾಂಕಿನ ಹೊದಿಕೆಯ ನೊರೆತುಂಡೊಂದು ಕಿತ್ತುಬಂದು ಎಡರೆಕ್ಕೆಗೆ ಬಡಿದಿತ್ತು. 2003ರ ಫೆಬ್ರುವರಿ 1ರಂದು ಮರಳುವಾಗ ಆ ಕಂಡಿಯಿಂದ ಬೆಂಕಿಯಂಥ ಗಾಳಿ ಒಳನುಗ್ಗಿತು. ಇಳಿಯಲು 16 ನಿಮಿಷ ಇರುವಾಗ ಟೆಕ್ಸಾಸ್ ಮೇಲೆ ನೌಕೆ ಚೂರಾಯಿತು. ನಮ್ಮಲ್ಲಿ ಅದು ಶನಿವಾರ ಸಂಜೆ ಏಳೂವರೆ. ಏಳು ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಬೆಂಗಳೂರಿನಲ್ಲಿ ತಯಾರಾಗಿ ಐದು ತಿಂಗಳ ಹಿಂದಷ್ಟೇ ಹಾರಿದ್ದ ಹವಾಮಾನ ಉಪಗ್ರಹ ಮೆಟ್‌ಸ್ಯಾಟ್‌ಗೆ ನಾಲ್ಕೇ ದಿನದಲ್ಲಿ ‘ಕಲ್ಪನಾ-1’ ಎಂದು ಹೆಸರಿಟ್ಟರು.

ಸುರುಳಿ ಸಿಗಲಿಲ್ಲ. ಎರಡು ತಿಂಗಳ ನಂತರ ಟೆಕ್ಸಾಸಿನ ಹೊಲವೊಂದರಲ್ಲಿ ರಮೋನ್ ಅವರ ದಿನಚರಿಯ 37 ಹಾಳೆಗಳು ಸಿಕ್ಕವು. ಹೀಬ್ರೂ ಅಕ್ಷರಗಳು ಮಳೆ, ಬಿಸಿಲಿಗೆ ಮಸುಕಾಗಿದ್ದವು. ತಜ್ಞರು ಕಷ್ಟಪಟ್ಟು ಓದಿದರು. ಒಂದು ಹಾಳೆಯಲ್ಲಿ ಸಬ್ಬತ್ ಪ್ರಾರ್ಥನೆಯನ್ನು ಅವರು ಬರೆದುಕೊಂಡಿದ್ದರು. ಹಿರಿಯ ಮಗ ಅಸಾಫ್ ಅಪ್ಪನಂತೆ ಯುದ್ಧವಿಮಾನದ ಪೈಲಟ್ ಆಗಿ, 2009ರಲ್ಲಿ ತರಬೇತಿ ಹಾರಾಟದಲ್ಲಿ ಮಡಿದ. ಆ ತಾಯಿಯ ಸಂಕಟವನ್ನು ಯಾವ ಮಾತಿನಲ್ಲಿ ಹೇಳುವುದು? ರೋನಾ 2018ರಲ್ಲಿ ತೀರಿಕೊಂಡರು. ಮರುತಿಂಗಳು ತಂದೆ ಮಗನ ಹೆಸರಿನ ವಿಮಾನನಿಲ್ದಾಣ ಇಸ್ರೇಲಿನ ದಕ್ಷಿಣ ತುದಿಯಲ್ಲಿ ತೆರೆಯಿತು.

ಕೊಲಂಬಿಯಾ ಚೂರಾದ ದಿನ ಪೀಟರನ 75ನೆಯ ಹುಟ್ಟುಹಬ್ಬವಾಗುತ್ತಿತ್ತು. ಅವನು ಹುಟ್ಟಿದ್ದು 1928ರ ಫೆಬ್ರುವರಿ 1ರಂದು. ದುರಂತದ ಸುದ್ದಿಯೊಂದಿಗೆ ಅವನ ಚಿತ್ರವೂ ಹೆಸರೂ ಜಗತ್ತಿಗೆಲ್ಲ ಹಬ್ಬಿದವು. ಪ್ರಾಗ್‌ನ ಒಬ್ಬ ವ್ಯಕ್ತಿಗೆ ತನ್ನ ಮನೆಯ ಅಟ್ಟದಲ್ಲಿ ಸಿಕ್ಕಿದ್ದ ಹಳೆಯ ನೋಟುಪುಸ್ತಕಗಳ ಮೇಲೆ ಅದೇ ಹೆಸರಿದ್ದದ್ದು ನೆನಪಾಯಿತು. ಅವು ಪೀಟರ್ ಶಿಬಿರಕ್ಕೆ ಹೋಗುವ ಮುನ್ನ, 1941–42ರಲ್ಲಿ, ಬರೆದ ದಿನಚರಿಗಳು. ಬದುಕುಳಿದು ಇಸ್ರೇಲಿನಲ್ಲಿ ನೆಲೆಸಿದ್ದ ತಂಗಿ ಹಾವಾ ಪ್ರೆಸ್‌ಬರ್ಗರ್ ಅಣ್ಣನ ಕೈಬರಹವನ್ನು ಗುರುತಿಸಿ, 2004ರಲ್ಲಿ ಅವನ್ನು ಪುಸ್ತಕವಾಗಿ ಹೊರತಂದರು.